ಫ್ಲಾಶ್ ಹಿಡಿದ ಅತ್ತಿಗೆ

ಹುಡುಗಿಯ ಫೋಟೋ ಗಂಡಿನ ಮನೆಗೆ ಹೋಗಬೇಕಿತ್ತು. ಹಿಂದಿನ ಸಲದವರು ಫೋಟೋ ನೋಡಿಯೇ ಬೇಡ ಎಂದಿದ್ದರು. ಕೆನ್ನೆ ತುಂಬ ಮೊಡವೆ ಬಿಟ್ಟುಹೋದ ಕುಳಿಗಳು, ಮೇಲೆ ಕನ್ನಡಕ ಬೇರೆ.

ಫೋಟೋಗ್ರಾಫರ್ ಫ್ಲಾಶನ್ನು ಕ್ಯಾಮೆರಾದಿಂದ ಬಿಚ್ಚಿ, ನಡುವೆ ಉದ್ದದ ವೈರ್ ಸಿಕ್ಕಿಸಿ, ಜೊತೆಗೆ ಬಂದಿದ್ದ ಅತ್ತಿಗೆಯ ಕೈಗೆ ಕೊಟ್ಟ.

"ಕ್ಯಾಮೆರಾ ಮೇಲೇ ಇದ್ರೆ ಕನ್ನಡಕ ಹೊಳೆಯುತ್ತೆ ಮೇಡಂ. ನನ್ನ ತಲೆ ಮೇಲೆ ಎತ್ತಿ, ಎದುರಿಗೇ ಹಿಡೀರಿ. ಪಕ್ಕಕ್ಕೆ ಸರಿದ್ರೆ ಒಂದೊಂದು ಕುಳಿಗೂ ನೆರಳು ಬೀಳುತ್ತೆ."

"ನಮ್ಮ ಹುಡುಗಿ ಚೆನ್ನಾಗಿ ಬರ್ಬೇಕು ನೋಡಿ," ಎನ್ನುತ್ತ ಅತ್ತಿಗೆ ತನ್ನ ಸೆರಗಿನಿಂದ ಅವಳ ಮೂಗಿನ ಬೆವರು ಒರೆಸಿದಳು.

ಎರಡನೇ ಕ್ಲಿಕ್ಕಿಗೆ ಅತ್ತಿಗೆಯ ಕೈ ಪಕ್ಕಕ್ಕೆ ವಾಲಿತು. "ಅಯ್ಯೋ, ಕೈ ಸೋತುಹೋಯ್ತು."

"ಪರವಾಗಿಲ್ಲ ಬಿಡಿ, ಮೊದಲನೇದು ಚೆನ್ನಾಗಿ ಬಂದಿದೆ."

ಹುಡುಗಿ ಎದ್ದು ಬಂದು ಅತ್ತಿಗೆಯ ತೋಳು ನೀವಿದಳು. "ನನಗೋಸ್ಕರ ಎಷ್ಟು ಕಷ್ಟಪಡ್ತೀರ ಅತ್ತಿಗೆ. ನೀವು ನಿಧಾನವಾಗಿ ಬನ್ನಿ. ಮಕ್ಕಳು ಸ್ಕೂಲಿಂದ ಬರೋ ಹೊತ್ತಾಯ್ತು. ನಾನು ಹೋಗಿ ಅವರಿಗೆ ದೋಸೆ ಹುಯ್ದುಕೊಟ್ಟು, ನಿಮ್ಮ ಬಟ್ಟೆ ಒಗೆದು, ರಾತ್ರಿ ಅಡುಗೆಗೆ ಇಡ್ತೀನಿ."

ಅವಳು ಹೋದ ಮೇಲೆ ಫೋಟೋಗ್ರಾಫರ್ ಎರಡನ್ನೂ ಕಂಪ್ಯೂಟರಿನಲ್ಲಿ ತೋರಿಸಿದ. ಒಂದರಲ್ಲಿ ಕೆನ್ನೆ ನುಣುಪಾಗಿತ್ತು. ಇನ್ನೊಂದರಲ್ಲಿ ಜಲ್ಲಿ ಕಿತ್ತುಹೋದ ರಸ್ತೆಯಂತಿತ್ತು.

"ಇದನ್ನ ಅಳಿಸಿಬಿಡ್ತೀನಿ," ಎಂದ, ಕುಳಿಗಳ ಮೇಲೆ ಬೆರಳಿಟ್ಟು.

"ಬೇಡ," ಎಂದಳು ಅತ್ತಿಗೆ. "ಅದನ್ನೇ ಪ್ರಿಂಟ್ ಹಾಕಿ. ಚೆನ್ನಾಗಿರೋದನ್ನ ಅಳಿಸಿ."