ಯಾವ ಕಾಲು?

ರೆಫರಿ ಪೆನಾಲ್ಟಿಗೆ ಸೀಟಿ ಊದಿದಾಗ ಅವನು ಮಂಡಿ ಹಿಡಿದು, ಎಂಥ ಕಲ್ಲೆದೆಯೂ ಕರಗುವಂತೆ ಹೊರಳಾಡುತ್ತಿದ್ದ. ಎದುರಾಳಿಯ ಕಾಲು ಸೋಕಿಯೂ ಇರಲಿಲ್ಲ. ಫುಟ್‌ಬಾಲ್ ಫೈನಲ್‌ನ ಗದ್ದಲವೆಲ್ಲ ನೀರಿನಡಿಯಿಂದ ಕೇಳಿದಂತಿತ್ತು; ಮೇಲೊಂದು ಬಿಳಿ ಮೋಡ ನಿಧಾನವಾಗಿ ಮೈಮುರಿಯುತ್ತಿತ್ತು.

ಆ ಮೋಡಕ್ಕೆ ಅಡ್ಡವಾಗಿ ಅಕ್ಕನ ಮುಖ ಬಾಗಿತು. ತಂಡದ ಫಿಸಿಯೋ ಅವಳೇ. ಹಿಂದೆ ರಗ್ಬಿ ಆಡುವಾಗ, ಮುರಿದ ಮೂಗಿಗೆ ಹತ್ತಿ ತುರುಕಿಕೊಂಡು ಪಂದ್ಯ ಮುಗಿಸಿದವಳು.

"ಯಾವ ಕಾಲೋ?"

"ಎಡಗಾಲು," ಅಂದ. ಕೈ ಬಲಮಂಡಿಯ ಮೇಲಿತ್ತು.

ಅಕ್ಕ ನಗಲಿಲ್ಲ. ಸ್ಟ್ರೆಚರ್ ತರಲು ಕೈಯೆತ್ತಿದಳು. "ಪಾಪ, ನೋವು ತಲೆಗೇರಿದೆ. ನೀನಿನ್ನು ಆಡೋ ಹಾಗಿಲ್ಲ."

ಸ್ಟ್ರೆಚರ್ ದೋಣಿಯಂತೆ ತೇಲಿತು. ತಾನೇ ಒದೆಯಬೇಕಿದ್ದ ಚೆಂಡು ಹುಲ್ಲಿನ ಮೇಲೆ ಸಣ್ಣದಾಗುತ್ತ ಹೋಯಿತು.

"ಅಕ್ಕಾ, ನಂಗೇನೂ ಆಗಿಲ್ಲ ಕಣೇ!"

"ನಂಗೊತ್ತು ಕಣೋ. ಅದನ್ನ ರೆಫರಿಗೆ ಹೇಳು."