ಒಂದು ಕ್ಷಣ ತಡ

ಅಂಧ ವಿದ್ಯಾರ್ಥಿಗಳಿಗಾಗಿ ಆಕೆ ಮನೆಯಲ್ಲೇ ಪಾಠ ಓದಿ ರೆಕಾರ್ಡ್ ಮಾಡುತ್ತಿದ್ದಳು. ಓದಿದ್ದೆಲ್ಲ ಒಂದು ಕ್ಷಣ ತಡವಾಗಿ ಹೆಡ್‌ಫೋನಿನಲ್ಲಿ ಮರಳುತ್ತಿತ್ತು. ಅದರಿಂದ ಓದು ತಡವರಿಸುತ್ತದೆಂದು ಶಾಲೆಯವರೇ ರಿಪೇರಿಯವನನ್ನು ಕಳಿಸಿದ್ದರು.

“ನಿಮ್ಮ ಮಾತೇ ನಿಮ್ಮನ್ನು ಅಟ್ಟಿಸ್ಕೊಂಡು ಬರ್ತಿದೆಯಲ್ಲ ಮೇಡಂ!” ನಗುತ್ತ ಅವನು ಕಂಪ್ಯೂಟರಿನಲ್ಲಿ ಡ್ರೈವರ್ ಸೆಟ್ಟಿಂಗ್ ತೆರೆದು, ದನಿಯನ್ನು ತಡಮಾಡುವ ಬಫರ್ ಅಂಕಿ ಇಳಿಸಿದ. “ಈಗ ಏನಾದ್ರೂ ಮಾತಾಡಿ.”

“ಏನು ಮಾತಾಡ್ಲಿ?”

ಮಾತು ತುಟಿಯಲ್ಲಿದ್ದಾಗಲೇ ಕಿವಿಯಲ್ಲೂ ಇತ್ತು.

“ಸರಿಹೋಯ್ತಾ?”

“ಹೋಯ್ತು. ಮೊದಲು ಅಂಕಿ ಎಷ್ಟಿತ್ತು?”

“ನಾಲ್ಕು ಸಾವಿರದ ತೊಂಬತ್ತಾರು. ಅದ್ಯಾಕೆ ಮೇಡಂ ಈಗ?”

“ಸುಮ್ನೆ ಕೇಳ್ದೆ.”

ಅವನು ಹೋದ ಮೇಲೆ ಬಾಗಿಲು ಹಾಕಿ, ಹಳೇ ಅಂಕಿಯನ್ನೇ ಮತ್ತೆ ಹಾಕಿ, ಹೆಡ್‌ಫೋನ್ ತೊಟ್ಟು ಮೈಕಿನ ಮುಂದೆ ಕುಳಿತಳು.

“ಊಟ ಆಯ್ತಾ?” ಎಂದಳು.

“ಊಟ ಆಯ್ತಾ?” ಎಂದಿತು ಕಿವಿಯಲ್ಲಿ ದನಿ.

“ಇನ್ನೂ ಇಲ್ಲ ಕಣೇ,” ಎಂದಳು.