ಗೇರ್ ಬೀಳದ ಟ್ಯಾಕ್ಸಿ

ಟ್ಯಾಕ್ಸಿಯನ್ನು ಗ್ಯಾರೇಜಿನ ಗೇಟಿನಾಚೆ ನಿಲ್ಲಿಸಿದ ಮುರಿಗೆಪ್ಪ ಓಡೋಡಿ ಬಂದು ಮೆಕ್ಯಾನಿಕ್‌ನ ಕೈ ಹಿಡಿದುಕೊಂಡ.

"ಗೇರ್ ಬೀಳ್ತಾನೇ ಇಲ್ಲಪ್ಪ, ಕರಕರ ಅಂತದೆ. ಹೊಸ ಗೇರ್‌ಬಾಕ್ಸ್ ನನ್ನ ಕೈಲಾಗಲ್ಲ. ಹಳೇ ಸಾಮಾನು ಹಾಕಿಯಾದ್ರೂ ಕಮ್ಮೀಲಿ ರೆಡಿ ಮಾಡ್ಕೊಡು. ಗಾಡಿ ನಿಂತ್ರೆ ಮನೇಲಿ ಒಲೆ ಹತ್ತಲ್ಲ."

ಮೆಕ್ಯಾನಿಕ್ ತಾನೇ ಒಂದು ಸುತ್ತು ಓಡಿಸಿಕೊಂಡು ಬಂದ. ಒಮ್ಮೆಯೂ ಸದ್ದಾಗಲಿಲ್ಲ.

"ಗೇರ್‌ಬಾಕ್ಸ್ ಗಟ್ಟಿಮುಟ್ಟಾಗಿದೆ, ಯಜಮಾನ್ರೇ. ನೀವೇ ಎಡಗಾಲಲ್ಲಿ ಕ್ಲಚ್ ಪೂರ್ತಿ ಒತ್ತುತ್ತಿಲ್ಲ."

ಮುರಿಗೆಪ್ಪನಿಗೆ ಹೋದ ಜೀವ ಬಂದಂತಾಯಿತು. "ಮೀಸೆ ಮೂಡೋಕೆ ಮುಂಚಿಂದ ಓಡಿಸ್ತಿದೀನಿ, ಕ್ಲಚ್ ಒತ್ತೋದು ಗೊತ್ತಿಲ್ವಾ?" ಎಂದು ನಕ್ಕ.

ಮೆಕ್ಯಾನಿಕ್ ನಗಲಿಲ್ಲ. "ಶುಗರ್ ಇದೆಯಾ?"

"ಇದೆ. ಯಾಕೆ?"

"ನಿಮ್ಮ ಎಡಗಾಲಿನ ಚಪ್ಪಲಿ ಆಗಲೇ ಗೇಟ್ ಹತ್ರ ಕಳಚಿ ಬಿತ್ತು. ನಿಮಗೆ ಗೊತ್ತೇ ಆಗಲಿಲ್ವಾ?"